ಇಬ್ಬರಿಗೆ ಮಾತ್ರ ಜಾಗ

ಗಂಡ ರುದ್ರೇಶನ ಹನ್ನೊಂದರ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಗೌತಮಿ ಒಂದೇ ಲೋಟ ಕಾಫಿ ಮಾಡಿಕೊಂಡಳು. ಕುಡಿಯುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು.

"ರುದ್ರೇಶಪ್ಪ ಇನ್ನೂ ಒಳಗೇ ಅವ್ರೆ. ಆಚೀಕ್ ಬರಕ್ ಏಳವ್ವ," ಎಂದಿತು ದನಿ. ಮರುಕ್ಷಣ ತಾನೇ ಬೆಚ್ಚಿತು. "ಅಯ್ಯೋ ಶಿವನೇ, ತಪ್ಪಾಯ್ತು. ಕಂಪ್ಯೂಟ್ರೊಳಗೆ ಅಂದೆ ಕಣವ್ವ."

ಮಾತಾಡುತ್ತಿದ್ದವರು ಚಿಕ್ಕಯ್ಯನಛತ್ರದ ಗೊಬ್ಬರದಂಗಡಿ ಪುಟ್ಟಬಸವಯ್ಯ.

ನಂಜನಗೂಡಿನ ಆ ಮನೆಯ ಮೂಲೆಯಲ್ಲಿ ರುದ್ರೇಶ್ ಒಂದು ಸರ್ವರ್ ಇಟ್ಟಿದ್ದ. ಅಂಗಡಿಯವರು ತಮ್ಮೂರಿನಿಂದಲೇ ಅದರೊಳಗೆ ಹೊಕ್ಕು ಬಿಲ್ಲು ಹಾಕುತ್ತಿದ್ದರು. ಒಂದು ಸಲಕ್ಕೆ ಇಬ್ಬರಿಗೆ ಮಾತ್ರ ಜಾಗ. ಅಂಗಡಿಗಳು ತೆರೆಯುವ ಹೊತ್ತಿಗೆ ರುದ್ರೇಶ್ ತಾನು ಹೊರಬಂದು ಜಾಗ ಬಿಡುತ್ತಿದ್ದ. ಆ ಬುಧವಾರ ಮಾತ್ರ, "ಒಂದ್ನಿಮಿಷ, ಇದೊಂದು ಬರ್ಕೊಂಡು ಬತ್ತೀನಿ," ಎಂದವನು ಎದೆ ಹಿಡಿದುಕೊಂಡ. ಬರೆದದ್ದು ಒಳಗೇ ಉಳಿಯಿತು, ಅವನ ಜಾಗವೂ ತೆರವಾಗಲಿಲ್ಲ. ಅದನ್ನು ತೆರೆಯುವ ಪಾಸ್‌ವರ್ಡ್ ಗೌತಮಿಗೆ ಗೊತ್ತಿರಲಿಲ್ಲ.

"ಒಂದ್ಸಲ ಆಫ್ ಮಾಡಿ ಆನ್ ಮಾಡವ್ವ, ಸರೋಯ್ತದೆ," ಎಂದರು ಪುಟ್ಟಬಸವಯ್ಯ ಫೋನಿನಲ್ಲಿ.

"ಆಫ್ ಮಾಡಿದ್ರೆ ಅವರು ಬರೆದಿದ್ದು ಹೋಗ್ಬಿಡುತ್ತೆ. ಆಗಲ್ಲ."

ಪುಟ್ಟಬಸವಯ್ಯ ಖುದ್ದು ಬಂದರು. ಟಿ. ನರಸೀಪುರದ ರೈಸ್ ಮಿಲ್ಲಿನಲ್ಲಿ ಬಿಲ್ಲು ಬರೆಯುವ ವನಜಾಕ್ಷಿಯೂ ಅದೇ ದೂರು ಹೊತ್ತು ಬಸ್ಸಿಳಿದಳು. ಅವರ ಹಿಂದೆಯೇ ಪಕ್ಕದ ಫೋಟೋ ಸ್ಟುಡಿಯೋ ಅಮೃತೇಶ್ ಬಾಗಿಲಿಗೆ ಬಂದ.

"ಏನು ಅಮೃತೇಶ್?"

"ಏನಿಲ್ಲ ಅಕ್ಕ, ಸುಮ್ನೆ." ಸರ್ವರಿನ ಮೇಜಿನ ಕೆಳಗೊಮ್ಮೆ ನೋಡಿ ಹೊರಟುಹೋದ.

ಒಳಗೆ ಜಗಳ ಹತ್ತಿತ್ತು.

"ನನ್ ಸರ್ವರ್‌ನಾಗೆ ನಿಂದೇನಮ್ಮ ಕೆಲ್ಸ?"

"ನಿಮ್ದಾ? ಇದು ನಮ್ ಮಿಲ್ಲಿಗೇ ಅಂತ ಬ್ಯಾರೆ ಮಡಗಿರೋದು ಸಾ!"

ರುದ್ರೇಶ್ ಇಬ್ಬರಿಗೂ ಸ್ವಂತ ಮನೆ ಎಂದು ಹೇಳಿ ಒಂದೇ ಛತ್ರದಲ್ಲಿ ಚಾಪೆ ಹಾಸಿಕೊಟ್ಟಿದ್ದ. ತೀರಿಕೊಂಡವನನ್ನು ಬೈಯುವಂತಿಲ್ಲ. ಪುಟ್ಟಬಸವಯ್ಯ ಫ್ಯಾನನ್ನು ಬೈದರು. ವನಜಾಕ್ಷಿ ಲೆಕ್ಕಕ್ಕಿಳಿದಳು. "ಓಗಿರೋರಿಗೆ ಒಂದ್ ಜಾಗ, ಇರೋ ಇಬ್ರಿಗೆ ಸೇರಿ ಒಂದಾ ಅಕ್ಕ?"

"ಅವರು ಬರೆದಿದ್ದನ್ನ ಓದ್ಬೇಕು ನಾನು. ಓದಿದ್ಮೇಲೆ ನಾನೇ ಮುಚ್ತೀನಿ," ಎಂದಳು ಗೌತಮಿ.

ಮೂವರೂ ಪಾಸ್‌ವರ್ಡ್ ಹುಡುಕತೊಡಗಿದರು. ಮನೆದೇವರ ಹೆಸರು ಹೊಡೆದರು. ತಪ್ಪು. ಗೌತಮಿ ಯಾರಿಗೂ ಕಾಣದಂತೆ ತನ್ನ ಹೆಸರನ್ನು ಹೊಡೆದಳು. ತಪ್ಪು. ಮದುವೆಯ ತಾರೀಖು. ಅದೂ ತಪ್ಪು.

"ಬೇಜಾರಾಗ್ಬೇಡ ಕಣವ್ವ," ಎಂದರು ಪುಟ್ಟಬಸವಯ್ಯ. "ಮದ್ವೆ ತಾರೀಖು ನಂಗೂ ಗ್ಯಾಪಕಿಲ್ಲ."

ಅಮೃತೇಶ್ ಮತ್ತೆ ಬಂದು, "ಏನಿಲ್ಲ ಅಕ್ಕ," ಎಂದು, ಮೇಜಿನ ಕೆಳಗೆ ನೋಡಿ ಮತ್ತೆ ಹೋದ.

"ನಂಗ್ ಕೊಟ್ಟಿರೋ ಪಾಸ್‌ವರ್ಡ್ ಇದು," ಎಂದು ವನಜಾಕ್ಷಿ ಪರ್ಸಿನಿಂದ ಚೀಟಿ ತೆಗೆದಳು. ಪುಟ್ಟಬಸವಯ್ಯನವರೂ ಜೇಬಿನದನ್ನು ಬಿಚ್ಚಿದರು. ಎರಡರಲ್ಲೂ ಒಂದೇ ನಂಬರು. ಕಿಟಕಿಯಾಚೆ, ಅಂಗಳದಲ್ಲಿ ನಿಂತಿದ್ದ ರುದ್ರೇಶನ ಸ್ಕೂಟರಿನ ನಂಬರು. ಗೌತಮಿ ಅದನ್ನೇ ಹೊಡೆದಳು.

ಪರದೆ ತೆರೆಯಿತು. ಬಿಳಿ ಹಾಳೆಯ ಮೇಲೆ ಎರಡು ಸಾಲು:

ಅಮೃತೇಶನ ಯುಪಿಎಸ್ ಇವತ್ತು ತಪ್ಪದೆ ವಾಪಸ್ ಕೊಡಬೇಕು. ಪಾಪ, ಬಾಯಿಬಿಟ್ಟು ಕೇಳಲ್ಲ.

ಗೌತಮಿ ಹಾಳೆಯನ್ನು ಕೆಳಗೆ, ಇನ್ನೂ ಕೆಳಗೆ ಸರಿಸಿ ನೋಡಿದಳು. ಬೇರೇನೂ ಇರಲಿಲ್ಲ. ಮೇಜಿನ ಕೆಳಗಿತ್ತು, ಕರೆಂಟು ಹೋದಾಗ ಸರ್ವರನ್ನು ಉಳಿಸುತ್ತಿದ್ದ ಆ ಕಪ್ಪು ಡಬ್ಬ.

"ಅದ್ನ ತಗುದ್ರೆ ಕರೆಂಟ್ ಓದಾಗ ನಮ್ ಗತಿ ಏನವ್ವ?" ಎಂದರು ಪುಟ್ಟಬಸವಯ್ಯ.

"ನಿಮ್ಮದೇ ಬೇರೆ ಸರ್ವರ್ ನೋಡ್ಕೊಳ್ಳಿ. ಇಬ್ಬರೂ."

ಬರೆದದ್ದನ್ನು ಉಳಿಸಬೇಕೇ ಎಂದು ಯಂತ್ರ ಕೇಳಿತು. ಅವಳು ಆ ಎರಡು ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಬೇಡ ಎಂದು ಒತ್ತಿ, ಸರ್ವರ್ ಆರಿಸಿ, ವಯರುಗಳನ್ನು ಕಿತ್ತಳು.

ಕರೆಂಟು ತಪ್ಪಿದ ಡಬ್ಬ ಕೀಂ ಕೀಂ ಎಂದು ಕೂಗತೊಡಗಿತು. ನಿಲ್ಲಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಹಸುಗೂಸಿನಂತೆ ಎದೆಗೊತ್ತಿಕೊಂಡು ಬೀದಿಗಿಳಿದಳು. ಜಗಲಿಗಳಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು.

ಸ್ಟುಡಿಯೋ ಒಳಗಿಂದ ಅಮೃತೇಶ್ ಎದ್ದು ಬಂದ. "ಅಯ್ಯೋ ಅಕ್ಕ, ಅರ್ಜೆಂಟೇನಿರ್ಲಿಲ್ಲ," ಎನ್ನುತ್ತ ಡಬ್ಬ ಇಸಿದುಕೊಂಡು ಹಿಂಬದಿಯ ಗುಂಡಿ ಒತ್ತಿದ.

ಸದ್ದು ನಿಂತಿತು.