ರೋಬೋಟಿನ ಮುಂದೆ ಮೀಸೆಯ ಪಂಚಾಯ್ತಿ

ಕಟಿಂಗ್ ಅಂಗಡಿಯ ಯಜಮಾನರಿಗೆ ಆಸ್ಪತ್ರೆಯ ಆ ಸಮತೋಲ ಕಲಿಸುವ ರೋಬೋಟಿನ ಮೇಲೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ. ಸೊಂಟಕ್ಕೆ ಪಟ್ಟಿ ಬಿಗಿದು ಹಲಗೆಯ ಮೇಲೆ ನಿಲ್ಲಿಸುತ್ತದೆ. ನಿಂತವರ ಪಾಡಿಗೆ ಅವರನ್ನು ಬಿಡದೆ ಹಲಗೆಯನ್ನೇ ಓಲಾಡಿಸುತ್ತದೆ. (ಬೀಳಿಸುವುದಕ್ಕೆ ಮನೆಯ ಬಚ್ಚಲೇ ಸಾಕಿತ್ತು, ಆಸ್ಪತ್ರೆಯವರೆಗೆ ಬರಬೇಕಿತ್ತೇ?) ಒಳಕಿವಿ ಕೈಕೊಟ್ಟು, ನಿಂತಲ್ಲೇ ನೆಲ ತಿರುಗತೊಡಗಿದ ಮೇಲೆ ಹೆಂಡತಿ ಅವರ ಕತ್ತರಿಯನ್ನೂ ಕ್ಷೌರದ ಕತ್ತಿಯನ್ನೂ ಕಿತ್ತು ಬೀರುವಿನಲ್ಲಿಟ್ಟಿದ್ದಳು.

ಇವತ್ತು ಕೊನೆಯ ಪರೀಕ್ಷೆ. ಹಲಗೆಯ ಪಕ್ಕದ ಕಂಬಿ ಹಿಡಿಯದೆ ನಿಂತರೆ ಮರಳಿ ಅಂಗಡಿ. ಇಲ್ಲದಿದ್ದರೆ ಅಂಗಡಿ ಬಾಮೈದನ ಪಾಲು. ಗಿರಾಕಿಗಳು ಆಗಲೇ ಅವನಿಗೆ ಒಗ್ಗಿಹೋಗಿದ್ದಾರೆಂದು ಸುದ್ದಿ.

"ರೀ, ಕೆಳಗೆ ನೋಡ್ಬೇಡಿ!" ಎಂದು ಬಾಗಿಲಲ್ಲಿ ನಿಂತ ಹೆಂಡತಿ ಕೂಗಿದಳು.

"ನೀನು ಸುಮ್ನಿರೇ. ನಿನ್ನ ಕೂಗಿಗೇ ನಾನು ಬೀಳೋದು!"

ಹಲಗೆ ತಟ್ಟನೆ ಕುಸಿಯಿತು. ಯಜಮಾನರು ಕಂಬಿಯನ್ನು ಉಡದ ಪಟ್ಟಿನಲ್ಲಿ ಹಿಡಿದರು.

"ಇನ್ನೊಂದೇ ಸಲ," ಎಂದರು ಫಿಸಿಯೋ ಡಾಕ್ಟರು. "ನೆಲದ ಯೋಚನೆ ಬಿಡಿ. ನನ್ನ ಮುಖ ನೋಡಿ."

ನೋಡಿದರು. ಮುಖದಲ್ಲಿ ಮೀಸೆಯಿತ್ತು. ಮೀಸೆ ಕಂಡದ್ದೇ ತಡ, ಯಜಮಾನರಿಗೆ ನೆಲವೂ ಮರೆತುಹೋಯಿತು, ರೋಬೋಟೂ ಮರೆತುಹೋಯಿತು. ಹಲಗೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಹಿಂದಕ್ಕೆ ಜಗ್ಗಿತು. ಅವರು ಕೈಕಟ್ಟಿಕೊಂಡು ನಿಂತೇ ಇದ್ದರು. (ಹೆಂಡತಿ ಮಾತ್ರ ಬಾಗಿಲ ಚೌಕಟ್ಟು ಹಿಡಿದು ಓಲಾಡುತ್ತಿದ್ದಳು.)

"ಶಭಾಷ್! ಕಂಬಿ ಮುಟ್ಟಲೇ ಇಲ್ಲ!"

"ಅದಿರ್ಲಿ ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮೀಸೆ ಯಾರು ಕತ್ತರಿಸಿದ್ದು? ಎಡಗಡೆ ಪೂರ್ತಿ ಇಳಿದುಬಿಟ್ಟಿದೆ. ನನ್ನ ಬಾಮೈದನ ಕೈಗುಣಾನೂ ಹೀಗೇ. ಅವನು ಮುಟ್ಟಿದ ಮೀಸೆನೆಲ್ಲ ಆಮೇಲೆ ನಾನೇ ಸರಿ ಮಾಡ್ತಿದ್ದೆ."

ಡಾಕ್ಟರು ಗಾಬರಿಯಿಂದ ಗೋಡೆಯ ಕನ್ನಡಿಗೆ ಓಡಿದರು. ಹೆಂಡತಿಯೂ ಬಂದು ದಿಟ್ಟಿಸಿದಳು.

"ನೆಟ್ಟಗೇ ಇದೆಯಲ್ರೀ!"

ಡಾಕ್ಟರು ರೋಬೋಟಿನ ಪರದೆಯನ್ನು ಯಜಮಾನರ ಕಡೆ ತಿರುಗಿಸಿದರು. ಅದರಲ್ಲಿ ಯಜಮಾನರ ನಿಲುವನ್ನೇ ತೋರಿಸುವ ಗೊಂಬೆಯೊಂದು ನಿಂತಿತ್ತು. ಕಾಲು ಕಂಬದಂತೆ ಗಟ್ಟಿ. ತಲೆ ಮಾತ್ರ ಒಂದು ಪಕ್ಕಕ್ಕೆ ವಾಲಿತ್ತು.

"ವಾಲಿರೋದು ನೀವು. ಅದಕ್ಕೇ ನೆಟ್ಟಗಿರೋದೆಲ್ಲ ನಿಮಗೆ ಸೊಟ್ಟ ಕಾಣುತ್ತೆ. ತಲೆ ಸುತ್ತೋಕೆ ಮುಂಚೆಯೇ ಇದು ಶುರುವಾಗಿರ್ಬೇಕು," ಎಂದರು ಡಾಕ್ಟರು. "ಅಂಗಡಿಗೆ ಧಾರಾಳವಾಗಿ ಹೋಗಿ. ಆದ್ರೆ ಇದು ಸರಿಹೋಗೋವರೆಗೆ ಯಾರ ಮೀಸೆಗೂ ಕೈ ಹಾಕ್ಬೇಡಿ."

ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಹಾಗಾದ್ರೆ... ನಾನು ಸರಿ ಮಾಡಿದ ಮೀಸೆಗಳು?"

"ನೀವು ಟೀ ಕುಡಿಯೋಕೆ ಹೋದಾಗ ನನ್ನ ತಮ್ಮ ಅವರನ್ನೆಲ್ಲ ಮತ್ತೆ ಕೂರಿಸ್ಕೊಳ್ತಿದ್ದ. ನಿಮಗೆ ನೋವಾಗುತ್ತೆ ಅಂತ ಬಾಯಿ ಬಿಡಲಿಲ್ಲ."

"ಎಲ್ಲರನ್ನೂನಾ?"

"ಒಬ್ಬರು ಮಾತ್ರ ಅವನ ಕೈಗೆ ಸಿಗಲೇ ಇಲ್ಲ," ಎಂದ ಹೆಂಡತಿ ಗಂಡನ ಮೂಗಿನ ಕೆಳಗೇ ದೃಷ್ಟಿ ನೆಟ್ಟಳು.

ಯಜಮಾನರ ಕೈ ತಾನಾಗಿ ಸ್ವಂತ ಮೀಸೆಯ ಮೇಲೆ ಹೋಯಿತು. ಡಾಕ್ಟರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು.

"ಅವನಿಗೆ ಫೋನ್ ಮಾಡೇ," ಎಂದರು ಯಜಮಾನರು, ತಗ್ಗಿದ ದನಿಯಲ್ಲಿ. "ಬರೋವಾಗ ಕತ್ತರಿ ತರೋಕೆ ಹೇಳು."