ಪೇರಳೆ ಮರದ ಕಾಗೆಗಳು

ನಾರಾಯಣಮೂರ್ತಿ ಮಾಷ್ಟ್ರಿಗೆ ಬಿ.ಪಿ. ಏರಿದಾಗ ಡಾಕ್ಟರು ಹೇಳಿದ್ದು ಇಷ್ಟೆ: ದಿನಾ ಬೆಳಿಗ್ಗೆ ಸುಮ್ಮನೆ ಕೂತು ಹಕ್ಕಿ ನೋಡಿ. ಮಾಷ್ಟ್ರು ತೋಡಾರಿನ ತಮ್ಮ ಹಿತ್ತಿಲಿನ ಒಂದೇ ಒಂದು ಪೇರಳೆ ಮರಕ್ಕೆ ತೆಂಗಿನಕಾಯಿಯ ಗೆರಟೆ ಕಟ್ಟಿ ನುಚ್ಚಕ್ಕಿ ಹಾಕಿದರು. ಚಳಿ ಶುರುವಾಗುವಾಗ ಪುಟ್ಟ ರಾಟವಾಳ ಹಕ್ಕಿಗಳು ಬರುತ್ತವಂತೆ. ತಿಂಗಳು ಕಾದರೂ ಬಂದದ್ದು ಬರೀ ಕಾಗೆ, ಅದೂ ಊರಿನ ಅಷ್ಟೂ ಕಾಗೆ. ಮಾಷ್ಟ್ರಿಗೆ ಸಾಕುಸಾಕಾಗಿತ್ತು. ಆದರೆ ಇವತ್ತು ಬೆಳಿಗ್ಗೆ ಕೊನೆಗೂ ಒಂದು ರಾಟವಾಳ ಬಂದು ಎರಡು ಕಾಳು ಹೆಕ್ಕಿ ಹೋಗಿತ್ತು. ನಾಳೆ ಜೋಡಿಯಾಗಿ ಬಂದೀತೆಂದು ಅವರಿಗೆ ಆಸೆ.

ಇವತ್ತೇ ಪಕ್ಕದ ಮನೆಯ ರಾಮಪ್ರಸಾದನ ಅಪ್ಪನ ಮೊದಲ ವರ್ಷದ ತಿಥಿ. ಮಾಷ್ಟ್ರಿಗೂ ಊಟಕ್ಕೆ ಹೇಳಿಕೆಯಿತ್ತು. ಪಾಗಾರದ ಗೋಡೆಯ ಮೇಲೆ ಪಿಂಡ ಇಟ್ಟು ಗಂಟೆ ಎರಡಾದರೂ ಕಾಗೆ ಬಂದು ಮುಟ್ಟಲಿಲ್ಲ. ಕಾಗೆ ಮುಟ್ಟದೆ ಯಾರೂ ಎಲೆಯ ಮುಂದೆ ಕೂರುವ ಹಾಗಿಲ್ಲ. ಕಾಗೆಗಳೆಲ್ಲ ಮಾಷ್ಟ್ರ ಮರದಲ್ಲಿದ್ದವು. ಅಕ್ಕಿಯ ವಿಷಯ ಬಾಯಿಬಿಟ್ಟರೆ ಮೂವತ್ತು ಜನರ ಹಸಿವು ತನ್ನ ತಲೆಗೇ ಬರುತ್ತದೆಂದು ಮಾಷ್ಟ್ರು ಸುಮ್ಮನಿದ್ದರು.

"ಹಿರಿಯರಿಗೆ ಏನೋ ಆಸೆ ಬಾಕಿ ಉಂಟು," ಎಂದರು ಪುರೋಹಿತ ಭಟ್ರು. "ನಡೆಸಿಕೊಡ್ತೇವೆ ಅಂತ ಒಬ್ಬೊಬ್ಬರಾಗಿ ಹೇಳಿ ನೋಡುವ."

ರಾಮಪ್ರಸಾದ ಬಾವಿಕಟ್ಟೆ ರಿಪೇರಿ ಮಾಡಿಸುತ್ತೇನೆಂದ. ತಮ್ಮ ಗಣೇಶಪ್ರಸಾದ ಎಲೆಯಡಿಕೆ ಬಿಡುತ್ತೇನೆಂದ. ಕಾಗೆ ಕದಲಲಿಲ್ಲ. ಹಸಿದ ನೆಂಟರೆಲ್ಲ ಈಗ ಮಾಷ್ಟ್ರನ್ನು ನೋಡತೊಡಗಿದರು.

"ಮಾಷ್ಟ್ರೇ, ಅಪ್ಪ ನಿಮ್ಮ ಮರದಲ್ಲೇ ಕೂತಿದ್ದಾರೆ," ಎಂದ ರಾಮಪ್ರಸಾದ. "ಅದರ ಎಲೆ ನಮ್ಮ ಅಂಗಳಕ್ಕೆ ಬೀಳ್ತದೆ, ಕಡಿಸ್ಬೇಕು ಅಂತ ಸಾಯುವವರೆಗೂ ಹೇಳ್ತಿದ್ರಲ್ಲ."

ಗೆರಟೆಯಲ್ಲಿ ಅಕ್ಕಿ ಇರುವಷ್ಟು ಹೊತ್ತು ಕಾಗೆ ಈಚೆ ತಲೆ ಹಾಕುವುದಿಲ್ಲ, ಹೇಳಿಬಿಟ್ಟರೆ ಹೋಗುವುದೇನು ಎಂದು ಮಾಷ್ಟ್ರು ಲೆಕ್ಕ ಹಾಕಿದರು. "ಆಯ್ತು ಮಾರಾಯ. ಕಾಗೆ ಮುಟ್ಟಿದ್ರೆ ಮರ ಕಡಿಸ್ತೇನೆ."

ಮಾತು ಮುಗಿಯುವಷ್ಟರಲ್ಲಿ ಕಾಗೆಗಳ ಹಿಂಡು ಪಿಂಡದ ಮೇಲೆ ಬಂದಿಳಿಯಿತು. ಭಟ್ರು ಕೈಮುಗಿದರು. ನೆಂಟರು ಎಲೆಗೆ ಓಡಿದರು. ಮಾಷ್ಟ್ರು ಪಾಯಸವನ್ನು ಎಲೆಯಲ್ಲೇ ಬಿಟ್ಟು ಎದ್ದರು.

ಮನೆಗೆ ಬಂದರೆ ಹೆಂಡತಿ ಪರಮೇಶ್ವರಿ ಗೆರಟೆಯ ಅಕ್ಕಿಯನ್ನು ಡಬ್ಬಕ್ಕೆ ಸುರಿಯುತ್ತಿದ್ದರು.

"ನಿಮ್ಮ ಮಾತ್ರೆಯ ಹೊತ್ತು ಮೀರಿತ್ತು. ಬೇಗ ಊಟ ಆಗ್ಲಿ ಅಂತ ನಾನೇ ಇಳಿಸಿದೆ. ಇಷ್ಟು ನಿಮಗೆ ಹೊಳೀಲಿಲ್ವಾ?"

ಮಾಷ್ಟ್ರು ಮಾತ್ರೆ ನುಂಗಲು ಕೂತರು. ಹಿತ್ತಿಲಿನಿಂದ ರಾಮಪ್ರಸಾದನ ದನಿ ಕೇಳಿತು.

"ಮಾಷ್ಟ್ರೇ, ನೀವು ಎದ್ದು ಬರುವುದು ಬೇಡ, ಆರಾಮ ಮಾಡಿ. ಮರ ಕಡಿಯುವ ಜತ್ತಪ್ಪನನ್ನು ನಾನೇ ಕರ್ಕೊಂಡು ಬಂದಿದ್ದೇನೆ."