ಓರಗಿತ್ತಿಯ ಕಳ್ಳ ಗಿಡಗಳು

ನಂಜನಗೂಡಿನಲ್ಲಿ ಮರ್ಯಾದಸ್ಥ ಕಳ್ಳರು ಯಾರಾದರೂ ಇದ್ದರೆ ಅದು ನನ್ನ ಓರಗಿತ್ತಿ! ಭಾವನವರ ಹೆಂಡತಿ ಎಂಬ ಗೌರವಕ್ಕೆ ಅಕ್ಕ ಎನ್ನುತ್ತೇನೆ. ಹೊಟ್ಟೆಕಿಚ್ಚು ಅದನ್ನೆಲ್ಲ ನೋಡುತ್ತದೆಯೆ? ತೊಂಬತ್ತರ ದಶಕದಲ್ಲಿ ಮನೆ ಭಾಗವಾದಾಗ ಹಿತ್ತಿಲ ನಡುವೆ ಸೊಂಟದೆತ್ತರದ ಗೋಡೆ ಎದ್ದಿತು. ಹಲಸಿನ ಮರ ಭಾಗವಾಗದೆ ಎರಡೂ ಕಡೆ ನೆರಳು ಚೆಲ್ಲಿಕೊಂಡು ನಿಂತಿತು. ಆ ನೆರಳಲ್ಲೇ ಮಾಗಿ ಬಂತೆಂದರೆ ಅಕ್ಕನ ಕಡೆ ನೇರಳೆ ಗೋರಂಟೆ, ಹಳದಿ ಗೋರಂಟೆ, ಕನಕಾಂಬರ, ಕೆಂಪೆಲೆಯ ಕೋಲಿಯಸ್. ನನ್ನ ಕಡೆ ಬಟ್ಟೆ ಒಗೆಯುವ ಕಲ್ಲು. ನನ್ನ ಜೊತೆಗೇ ಇದ್ದ ಅತ್ತೆ ಬೆಳಗ್ಗೆ ಕಾಫಿ ಲೋಟ ಹಿಡಿದು ಅಲ್ಲಿಗೇ ಹೊರಡುತ್ತಿದ್ದರು. ಕಾಫಿ ನನ್ನದು, ಕೂರುವುದು ಅಲ್ಲಿ!

ನಾನೇನು ಸುಮ್ಮನಿದ್ದೆನೆ? ಮೈಸೂರಿನ ನರ್ಸರಿಯಿಂದ ಸೇವಂತಿಗೆ ತಂದೆ, ಗುಲಾಬಿ ತಂದೆ. ಬಿಸಿಲು ಕಾಣದೆ ಬಿಳಿಚಿಕೊಂಡು ಸತ್ತವು. ಅಕ್ಕ ಒಂದು ಗಿಡವನ್ನೂ ಕೊಂಡವಳಲ್ಲ. ಕದ್ದ ಗಿಡವೇ ಬೇರೂರಿ ಹತ್ತುವುದು ಎಂಬ ನಂಬಿಕೆಯನ್ನು ತವರೂರು ಹೆಡತಲೆಯಿಂದಲೇ ತಂದಿದ್ದಳು. ಆಯ್ಕೆಯೂ ಕಟ್ಟುನಿಟ್ಟು: ಮಾಗಿಯ ಚಳಿಯಲ್ಲಿ, ಮರದಡಿಯಲ್ಲೋ ಗೋಡೆ ಮರೆಯಲ್ಲೋ ಬಣ್ಣ ತುಂಬಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೇ ಕೈ ಹಾಕುವುದು.

ಬನ್ನೂರಿನ ಮದುವೆಯೊಂದರಲ್ಲಿ ಎಲ್ಲರೂ ಧಾರೆ ನೋಡುತ್ತಿದ್ದರೆ ಈಕೆ ಅಡಿಗೆಮನೆಯ ಹಿಂದಿನ ಸಂದಿಯಲ್ಲಿದ್ದಳು. ವಾಪಸ್ಸು ಬರುವಾಗ ಸೊಂಟದಿಂದ ಇಣುಕುತ್ತಿದ್ದ ಕಡ್ಡಿಗಳನ್ನು ಬಸ್ಸಿನಲ್ಲಿ ಪಕ್ಕದ ಹೆಂಗಸು ನೋಡಿ ಏನೆಂದು ಕೇಳಿದಳು. ಸೊಂಟನೋವಿನ ಮದ್ದು ಎಂದಳು ಅಕ್ಕ. ಆ ಹೆಂಗಸು ತನಗೂ ಎರಡು ಬೇಕೆಂದು ಇಳಿಯುವವರೆಗೂ ಗೋಗರೆದಳು!

ಸೋಮನಾಥಪುರದಲ್ಲಿ ನಾವೆಲ್ಲ ಗುಡಿ ನೋಡಿದೆವು, ಅಕ್ಕ ಯಾರದೋ ಮನೆಯ ಗೋಡೆ ಬುಡದ ಗೋರಂಟೆ ನೋಡಿದಳು. ಯಜಮಾನ ಒಳ್ಳೆಯವನು, ತಾನೇ ಕೊಂಬೆ ಮುರಿದು ಕೊಡಲು ಬಂದ. ಬೇಡವೇ ಬೇಡ ಎಂದಳು. ಆತ ಹಸುವಿಗೆ ನೀರಿಡಲು ಒಳಗೆ ಹೋಗುವವರೆಗೆ ಕಾದಿದ್ದು ಅದೇ ಕೊಂಬೆಯನ್ನು ಕದ್ದು ತಂದಳು.

ಕೊನೆಗೆ ಮಾನ ಬಿಟ್ಟು ನಾನೇ ಒಂದು ಕಡ್ಡಿ ಕೇಳಿದೆ.

"ಕೇಳ್ದವ್ರಿಗೆ ಕೊಡಕ್ಕಿಲ್ಲ ಕಣಮ್ಮಿ," ಎಂದು ಒಳಗೆ ಹೋದಳು.

ಮೈಯೆಲ್ಲ ಉರಿಯಿತು. ಅಲ್ಲ, ದಿನಾ ಬೆಳಗ್ಗೆ ಅತ್ತೆಯನ್ನೇ ಬಿಟ್ಟುಕೊಟ್ಟಿದ್ದೇನೆ, ಒಂದು ಕಡ್ಡಿ ಕೊಡಲಾಗದೆ? ಮಾತು ಬಿಟ್ಟೆ.

ಮುಂಗಾರು ಶುರುವಾದ ಮೇಲೆ ಒಂದು ಮಧ್ಯಾಹ್ನ, ಅಕ್ಕ ಗೋಡೆಯಾಚೆ ನಿಂತು ಹಲಸಿನ ಮರಕ್ಕೆ ಹೇಳುವವಳಂತೆ ಜೋರಾಗಿ ಹೇಳಿದಳು: "ನಾನು ನರಸೀಪುರಕ್ಕೆ ಓಯ್ತಾ ಇವ್ನಿ. ಬರೋದು ಸಂಜೆನೇ. ಹಿತ್ಲಲ್ಲಿ ಯಾರೂ ಇರಕ್ಕಿಲ್ಲ."

ಇಣುಕಿದೆ. ಗೋರಂಟೆಯ ಒಳ್ಳೊಳ್ಳೆಯ ಕೊಂಬೆಗಳನ್ನೆಲ್ಲ ಬಾಳೆನಾರಿನಿಂದ ಬಾಗಿಸಿ, ನನ್ನ ಕೈಗೆಟುಕುವಂತೆ ಗೋಡೆಯ ಕಡೆಗೆ ಕಟ್ಟಿದ್ದಳು. ನರಸೀಪುರಕ್ಕೆ ಹೋದವಳ ಚಪ್ಪಲಿ ಹೊಸ್ತಿಲಲ್ಲೇ ಇತ್ತು. ಒಳಗಿನಿಂದ ಒಗ್ಗರಣೆಯ ಚಟಪಟ ಕೇಳುತ್ತಿತ್ತು. ಕೈ ಚಾಚಿ, ಎರಡು ಕೊಂಬೆ ಮುರಿದು ಕದ್ದೆ.

ಆ ಮಾಗಿಗೆ ನನ್ನ ಕಡೆಯ ನೆರಳಿನಲ್ಲೂ ನೇರಳೆ ಬಣ್ಣ ತುಂಬಿತು. ಅತ್ತೆ ಲೋಟ ಹಿಡಿದು ನನ್ನ ಒಗೆಯುವ ಕಲ್ಲಿನ ಮೇಲೆ ಕೂತರು. ಗೆದ್ದೆ! ಅಕ್ಕನ ಮುಖ ಹೇಗಾಗಿದೆಯೋ ನೋಡೋಣವೆಂದು ಗೋಡೆಯಾಚೆ ಕತ್ತು ಚಾಚಿದೆ. ಅತ್ತೆ ಕೂರುತ್ತಿದ್ದ ಜಾಗವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ತನ್ನ ಕಾಫಿ ಲೋಟ ಹಿಡಿದು ಒಬ್ಬಳೇ ಕೂತಿದ್ದಳು. ಹೀಗಾಗುತ್ತದೆಂದು ಗೊತ್ತಿದ್ದೂ ಕೊಂಬೆ ಬಾಗಿಸಿದ್ದಳಲ್ಲ! ಹೊಟ್ಟೆಯ ಕಿಚ್ಚು ಅಲ್ಲಿಗೇ ಆರಿತು.

"ಅಕ್ಕ, ಇಲ್ಲೇ ಬಂದ್ಬಿಡಿ," ಎಂದೆ.

ಬೀದಿ ಸುತ್ತಿಕೊಂಡು ಬರಲಿಲ್ಲ. ಲೋಟವನ್ನು ನನ್ನ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ ಗೋಡೆ ಹತ್ತಿದಳು. ಇಳಿಯುವಾಗ ನನ್ನ ಭುಜ ಹಿಡಿದುಕೊಂಡಳು. ಕೂತ ಮೇಲೂ ಬಿಡಲಿಲ್ಲ.